ಚಿಕ್ಕಬಾಣಾವರದ ಅಂಗಳಕ್ಕೊಂದು ದೇವಕಣಗಿಲೆ

ಯಶವಂತಪುರವನ್ನು ಬಿಟ್ಟ ರೈಲು ವಾಯವ್ಯ ದಿಕ್ಕಿಗೆ ಮುಖಮಾಡಿ ಸ್ವಲ್ಪ ದೂರ ಓಡುವಷ್ಟರಲ್ಲಿ ಚಿಕ್ಕಬಾಣಾವರದ ನಿಲ್ದಾಣ ಬರುತ್ತದೆ. ಇಲ್ಲಿ ಹಳಿಗಳು ಕವಲೊಡೆಯುತ್ತವೆ. ಒಂದು ಕವಲು ತುಮಕೂರು, ಅರಸೀಕೆರೆಗಳ ಮೇಲೆ ಹುಬ್ಬಳ್ಳಿಯ ಕಡೆಗೆ ಸಾಗಿದರೆ, ಇನ್ನೊಂದು ನೆಲಮಂಗಲ, ಕುಣಿಗಲು, ಶ್ರವಣಬೆಳಗೊಳಗಳನ್ನು ಮುಟ್ಟಿ ಹಾಸನವನ್ನು ಸೇರುತ್ತದೆ. ಈ ಎರಡನೆಯ ಮಾರ್ಗವು ಹಾಸನದವರೆಗೂ ತೆರೆದದ್ದು 2017ರಲ್ಲಿ. ಇದೀಗ ಮೂರನೆಯದೊಂದು ಮಾರ್ಗವೂ ಈ ಊರಿನ ಹೆಸರನ್ನು ಹೊತ್ತಿದೆ. ಬೆಂಗಳೂರಿನ ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳನ್ನಿಟ್ಟಿದ್ದಾರೆ. ಅವುಗಳಲ್ಲಿ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗಿನ ಸುಮಾರು 25 ಕಿಲೋಮೀಟರುಗಳ ಮಾರ್ಗವೇ ಮಲ್ಲಿಗೆ. ಯೋಜನೆಗೆ ಅಡಿಗಲ್ಲು ಬಿದ್ದದ್ದು 2022ರ ಜೂನ್ ತಿಂಗಳಿನಲ್ಲಿ.

ಹಳಿಗೆ ಹೂವಿನ ಹೆಸರು ಬಂದಿತು, ಸರಿಯೇ. ಆದರೆ ಹಳಿ ಬಂದು ಮುಟ್ಟುವ ಊರಿನಲ್ಲಿ ಹೂವೆಷ್ಟಿದೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಹೆಸರಘಟ್ಟದ ರಸ್ತೆಯಲ್ಲಿ ಬರುವ ಈ ಊರು ಒಂದು ಕಾಲಕ್ಕೆ ಕೆರೆ, ಹೊಲ, ತೋಪುಗಳ ಹಳ್ಳಿ. ಪೀಣ್ಯದ ಕಾರ್ಖಾನೆಗಳು ಬೆಳೆದಂತೆ ಅಲ್ಲಿ ದುಡಿಯುವವರು ವಾಸಕ್ಕಾಗಿ ಈ ಕಡೆ ಬಂದರು. ಸೋಲದೇವನಹಳ್ಳಿಯ ಕಡೆ ಕಾಲೇಜುಗಳು ತೆರೆದಂತೆ ವಿದ್ಯಾರ್ಥಿಗಳು ಬಂದರು. ಹೊಲಗಳು ನಿವೇಶನಗಳಾದವು, ನಿವೇಶನಗಳ ಮೇಲೆ ಮನೆ, ಮನೆಯ ಮೇಲೆ ಮನೆ ಎದ್ದಿತು. ಕೆರೆಯಿನ್ನೂ ಇದೆ; ಆದರೆ ಊರಿನ ಬಚ್ಚಲ ನೀರು ಅದನ್ನು ಸೇರಿ ಅದರ ಸೊಬಗನ್ನು ಕೆಡಿಸಿದೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ, ಮೆಟ್ಟಿಲು, ನೀರಿನ ತೊಟ್ಟಿ, ವಾಹನದ ಜಾಗ ಕಳೆದರೆ ಉಳಿಯುವುದು ಗೇಟಿನ ಪಕ್ಕದ ಆರೇಳು ಅಡಿ ಮಣ್ಣು. ಅದಕ್ಕೂ ಸಿಮೆಂಟು ಬಳಿಯಬೇಕೆ, ಅಥವಾ ಒಂದು ಮರಕ್ಕೆ ಬಿಡಬೇಕೆ? ಪ್ರಶ್ನೆ ಚಿಕ್ಕದಾಗಿ ಕಂಡರೂ ಸಾವಿರಾರು ಮನೆಗಳ ಉತ್ತರ ಸೇರಿದಾಗ ಅದು ಒಂದು ಊರಿನ ಮುಖವನ್ನೇ ನಿರ್ಧರಿಸುತ್ತದೆ.

ತೋಟಗಾರರ ನಗರ

ಬೆಂಗಳೂರಿಗೆ ಉದ್ಯಾನನಗರವೆಂಬ ಕೀರ್ತಿ ತಾನಾಗಿ ಒದಗಿದ್ದಲ್ಲ. 1760ರಲ್ಲಿ ಹೈದರಾಲಿಯಿಂದ ಆರಂಭವಾದ ಲಾಲ್‌ಬಾಗು ದೇಶವಿದೇಶಗಳ ಗಿಡಗಳಿಗೆ ತವರಾಯಿತು. 1908ರಲ್ಲಿ ಬರೋಡೆಯಿಂದ ಬಂದ ಜರ್ಮನಿಯ ಗುಸ್ಟಾವ್ ಹರ್ಮನ್ ಕ್ರುಂಬಿಗೆಲ್ ಅವರು, ಒಂದು ಬೀದಿಯ ಹೂವು ಉದುರುವಷ್ಟರಲ್ಲಿ ಮತ್ತೊಂದು ಬೀದಿ ಅರಳಿ ನಿಲ್ಲಬೇಕೆಂಬ ಯೋಚನೆಯಿಂದ ಸಾಲುಮರಗಳನ್ನು ಆಯ್ದರು. ಬಾಳಿನ ಬಹುಭಾಗವನ್ನು ಈ ನಾಡಿನ ತೋಟಗಳಿಗೇ ಸವೆಸಿದ ಅವರು 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲಿಯೇ. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲವನ್ನು ಕಂಡವು.

ಚಿಕ್ಕಬಾಣಾವರಕ್ಕೆ ಇನ್ನೂ ಹತ್ತಿರದ ಭಾಗ್ಯವೊಂದುಂಟು. ಇದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಹೆಸರಘಟ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರನ್ನು ಕೊಟ್ಟ ಊರದು. 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ಇದೆ. ‘ಶೃಂಗಾರ’, ‘ಸುವಾಸಿನಿ’, ‘ಪ್ರಜ್ವಲ್’ ಎಂಬ ಸುಗಂಧರಾಜದ ತಳಿಗಳು ಹುಟ್ಟಿದ್ದು ಅದರ ಹೊಲಗಳಲ್ಲಿ. ಹೂವಿನ ವಿದ್ಯೆಗೆ ಇಷ್ಟು ನೆರೆಯಲ್ಲಿರುವ ಊರು ಹೂವಿಲ್ಲದೆ ಇರುವುದು ಹೊಳೆಯ ದಂಡೆಯಲ್ಲಿ ಬಾಯಾರಿ ಕುಳಿತಂತೆಯೇ ಸರಿ.

ಯಾವ ಮರ?

ಬೀದಿಯ ಮರಗಳನ್ನೆಲ್ಲ ಅಂಗಳಕ್ಕೆ ತರಲಾಗದು. ಮಳೆಮರಕ್ಕೆ ಮೈದಾನವೇ ಬೇಕು. ಬೇಸಗೆಯಲ್ಲಿ ಬೆಂಕಿಯಂತೆ ಅರಳುವ ಗುಲ್‌ಮೊಹರು ಹರವಾಗಿ ಕೈಚಾಚುವ ಮರ. ಬಿರುಗಾಳಿಗೆ ಅದರ ಕೊಂಬೆಗಳು ಮುರಿಯುತ್ತವೆ. ಆಕಾಶಮಲ್ಲಿಗೆ ಮಾಳಿಗೆಯನ್ನು ಮೀರಿ ಬೆಳೆಯುತ್ತದೆ. ಇಕ್ಕಟ್ಟಿನ ಅಂಗಳಕ್ಕೆ ಒಪ್ಪುವುದು ದೇವಕಣಗಿಲೆ. ಕೆಲವರು ಅದನ್ನು ಹಾಲುಸಂಪಿಗೆಯೆನ್ನುತ್ತಾರೆ, ಕೆಲವರು ಕಾಡುಸಂಪಿಗೆಯೆನ್ನುತ್ತಾರೆ. ಸಂಪಿಗೆಗೂ ಅದಕ್ಕೂ ನಂಟಿಲ್ಲ. ಅದು ಕಣಗಿಲೆಯ ವಂಶಕ್ಕೇ ಸೇರಿದುದು. ಹದಿನೈದು ಇಪ್ಪತ್ತು ಅಡಿಗಳಲ್ಲಿ ತೃಪ್ತಿಪಡುವ ಈ ಮರದ ಬೇರು ಗೋಡೆಯನ್ನು ಸೀಳುವ ಸ್ವಭಾವದ್ದಲ್ಲ. ದಪ್ಪನೆಯ ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ಕೊಳವೆಬಾವಿ ಬತ್ತಿದ ಬೇಸಗೆಯಲ್ಲಿಯೂ ಅದು ಬದುಕಬಲ್ಲುದು.

ಆದರೂ ಈ ಗಿಡ ಮನೆಯೊಳಗೆ ಒಂದು ಚರ್ಚೆಯನ್ನು ಹುಟ್ಟಿಸದೆ ಬರುವುದಿಲ್ಲ. ಹೊಸ ಮನೆಯ ಸೊಸೆಯೊಬ್ಬಳು ಎಲ್ಲಿಂದಲೋ ಒಂದು ಕಡ್ಡಿಯನ್ನು ತಂದಳೆನ್ನೋಣ. “ಇದು ಸ್ಮಶಾನದ ಗಿಡವಲ್ಲವೇನಮ್ಮಾ? ಮನೆಯ ಮುಂದೆ ಬೇಡ” ಎಂದು ಅತ್ತೆ ಹೇಳುತ್ತಾರೆ. “ದೇವಸ್ಥಾನದಲ್ಲೂ ಇದೆಯಲ್ಲ ಅತ್ತೆ” ಎಂದು ಸೊಸೆ ಉತ್ತರಿಸುತ್ತಾಳೆ. “ಅದೆಲ್ಲ ಇರಲಿ, ಕಾರು ಎಲ್ಲಿ ನಿಲ್ಲಿಸುವುದು?” ಎಂಬುದು ಯಜಮಾನರ ಚಿಂತೆ.

ಅತ್ತೆಯ ಮಾತಿಗೂ ಆಧಾರವಿದೆ. ಈ ಮರವನ್ನು ಗೋರಿಗಳ ಬಳಿ ನೆಡುವ ರೂಢಿ ಹಲವೆಡೆ ಉಂಟು. ಸೊಸೆಯ ಮಾತಿಗೂ ಆಧಾರವಿದೆ; ಶ್ರೀಲಂಕೆಯ ಬೌದ್ಧ ವಿಹಾರಗಳಲ್ಲಿ ಇದು ಅರ್ಚನೆಯ ಹೂವು, ಲಾವೋಸ್ ದೇಶಕ್ಕೆ ರಾಷ್ಟ್ರಪುಷ್ಪ. ಮೂಲದಲ್ಲಿ ಇದರ ತೌರು ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಶಾರ್ಲ್ ಪ್ಲುಮಿಯೆಯ ನೆನಪಿಗೆ ಶಾಸ್ತ್ರದಲ್ಲಿ ಇದಕ್ಕೆ ಪ್ಲುಮೇರಿಯ ಎಂದು ಹೆಸರು. ಅಷ್ಟು ದೂರದಿಂದ ಬಂದ ಗಿಡಕ್ಕೆ ಕನ್ನಡಿಗರು ದೇವರ ಹೆಸರನ್ನೇ ಸೇರಿಸಿ ಕರೆದಿರುವಾಗ ಅಂಗಳದಲ್ಲಿ ಅದಕ್ಕೆ ಎಡೆಯಿಲ್ಲವೆನ್ನಲಾದೀತೆ? ಯಜಮಾನರ ಚಿಂತೆಗೂ ಪರಿಹಾರವುಂಟು: ಗೋಡೆಯಿಂದ ಐದಾರು ಅಡಿ ಬಿಟ್ಟು ಗೇಟಿನ ಮೂಲೆಯಲ್ಲಿ ನೆಟ್ಟರೆ ಕಾರಿಗೂ ನೆರಳಾಗುತ್ತದೆ.

ನೆಡುವ ಬಗೆ

ಬೀಜದಿಂದಲೂ ಇದನ್ನು ಬೆಳೆಸಬಹುದು. ಆದರೆ ಹೂವಿಗಾಗಿ ಎರಡು ಮೂರು ವರ್ಷ ಕಾಯಬೇಕು. ಬಣ್ಣವೂ ತಾಯಿಮರದಂತೆಯೇ ಬಂದೀತೆಂಬ ಭರವಸೆಯಿಲ್ಲ. ಕಡ್ಡಿಯೇ ಸುಲಭದ ದಾರಿ. ಚಳಿಗಾಲದಲ್ಲಿ ಎಲೆಯುದುರಿಸಿ ನಿಂತ ಮರ ಚಿಗುರುವ ಮೊದಲು, ಫೆಬ್ರವರಿ ಮಾರ್ಚಿಯ ಹೊತ್ತಿಗೆ, ಬೂದುಬಣ್ಣಕ್ಕೆ ತಿರುಗಿದ ಬಲಿತ ಕೊಂಬೆಯಿಂದ ಒಂದು ಒಂದೂವರೆ ಅಡಿಯ ತುಂಡನ್ನು ಹರಿತವಾದ ಕತ್ತಿಯಿಂದ ಕತ್ತರಿಸಬೇಕು. ಕತ್ತರಿಸಿದಲ್ಲಿ ಹಾಲು ಒಸರುತ್ತದೆ. ಅದು ಚರ್ಮಕ್ಕೂ ಕಣ್ಣಿಗೂ ಉರಿ ತರುವಂಥದು. ಮಕ್ಕಳನ್ನು ದೂರವಿರಿಸಿ, ಕೆಲಸ ಮುಗಿದೊಡನೆ ಕೈ ತೊಳೆಯುವುದು ಲೇಸು.

ಅವಸರಪಡುವವರು ಸೋಲುವುದು ಇಲ್ಲಿಯೇ. ಹಸಿ ಕಡ್ಡಿಯನ್ನು ಅಂದೇ ನೆಟ್ಟು ದಿನವೂ ನೀರೆರೆದರೆ ಅದು ಕೊಳೆತುಹೋಗುತ್ತದೆ. ಕಡ್ಡಿಯನ್ನು ನೆರಳಿನಲ್ಲಿ ಹತ್ತು ಹದಿನೈದು ದಿನ ಸುಮ್ಮನೆ ಒರಗಿಸಿಡಬೇಕು. ಗಾಯ ಒಣಗಿ ಗಟ್ಟಿಯಾದ ಮೇಲೆ ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ ಸಮನಾಗಿ ಬೆರೆಸಿದ ಮಣ್ಣಿನಲ್ಲಿ ಮೂರು ನಾಲ್ಕು ಅಂಗುಲ ಆಳಕ್ಕೆ ನೆಟ್ಟು, ಅಲುಗಾಡದಂತೆ ಒಂದು ಕೋಲಿಗೆ ಕಟ್ಟಬೇಕು. ಒಮ್ಮೆ ನೀರು ಕೊಟ್ಟರೆ ಮಣ್ಣು ಒಣಗುವವರೆಗೆ ಮತ್ತೆ ಕೊಡಬಾರದು. ಆರೆಂಟು ವಾರಗಳಲ್ಲಿ ಬೇರು ಬಿಟ್ಟು ತುದಿಯಲ್ಲಿ ಎಲೆ ಕಣ್ದೆರೆಯುತ್ತದೆ. ದಿನಕ್ಕೆ ಆರು ಗಂಟೆಯ ಬಿಸಿಲು ಬೀಳುವ ಜಾಗವಾದರೆ ಮರು ಬೇಸಗೆಗೇ ಹೂವನ್ನು ಕಾಣಬಹುದು.

ಬೆಂಗಳೂರಿನ ಹಿಮವಿಲ್ಲದ ಚಳಿ, ನೀರು ಬೇಗ ಬಸಿಯುವ ಕೆಮ್ಮಣ್ಣು ಎರಡೂ ಇದಕ್ಕೆ ಹಿತ. ಆದರೆ ಹೊಸ ಬಡಾವಣೆಗಳಲ್ಲಿ ಮೇಲ್ಮಣ್ಣಿನ ಬದಲು ಕಟ್ಟಡದ ಕಸ ತುಂಬಿರುತ್ತದೆ. ಎರಡಡಿ ಚೌಕದ ಗುಂಡಿ ತೋಡಿ ಆ ಕಸವನ್ನು ತೆಗೆದು ಒಳ್ಳೆಯ ಮಣ್ಣನ್ನು ತುಂಬದೆ ನೆಡಬಾರದು. ಮಳೆಯ ನೀರು ನಿಲ್ಲುವ ಜಾಗವಾದರೆ ಮಣ್ಣನ್ನು ಸ್ವಲ್ಪ ಏರಿಸಿ ನೆಡುವುದು ಜಾಣತನ. ಮಣ್ಣೇ ಇಲ್ಲದ ಮನೆಯವರು ತಾರಸಿಯ ಮೇಲೆ ದೊಡ್ಡ ಕುಂಡದಲ್ಲಿ ಬೆಳೆಸಬಹುದು. ಪುಡಿಕ ಎಂಬ ಬಿಳಿಹೂವಿನ ಜಾತಿ ಕುಂಡಕ್ಕೆ ಚೆನ್ನಾಗಿ ಒಗ್ಗುತ್ತದೆ; ಹೂವು ಬಹಳ, ಪರಿಮಳ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಆರೈಕೆ

ಕೊಂಬೆಯ ತುದಿಯಲ್ಲಿ ಹೂವಿನ ಗೊಂಚಲು ಬರುವುದು; ಗೊಂಚಲಿನ ಬುಡದಿಂದಲೇ ಕೊಂಬೆ ಕವಲೊಡೆಯುವುದು. ಆದುದರಿಂದ ಹೂವು ಬಿಟ್ಟಷ್ಟೂ ಮರ ತುಂಬಿಕೊಳ್ಳುತ್ತದೆ. ಸವರಬೇಕಾದರೆ ಎಲೆಯಿಲ್ಲದ ಕಾಲದಲ್ಲಿ ಸವರಬೇಕು. ಸವರಿದ ಕೊಂಬೆ ಆ ವರ್ಷ ಹೂವನ್ನು ಕೊಡದೆ ಹೋದರೆ ನಿರಾಶೆ ಬೇಡ. ಗೊಬ್ಬರ ಅತಿಯಾದರೆ ಎಲೆ ಸೊಂಪಾಗಿ ಬೆಳೆದು ಹೂವು ಹಿಂದೆ ಬೀಳುತ್ತದೆ. ಮಳೆಗಾಲದಲ್ಲಿ ಎಲೆಯ ಹಿಂಬದಿಯಲ್ಲಿ ಕಿತ್ತಳೆಬಣ್ಣದ ಪುಡಿ ಕಂಡರೆ ಅದು ತುಕ್ಕುರೋಗ. ಅಂಥ ಎಲೆಗಳನ್ನು ಕಿತ್ತು, ಉದುರಿದವನ್ನೂ ಗುಡಿಸಿ ದೂರ ಮಾಡಬೇಕು. ನೀರನ್ನು ಎಲೆಗೆ ಎರಚದೆ ಬುಡಕ್ಕೇ ಕೊಡಬೇಕು. ಬಿಳಿಯ ಹಿಟ್ಟು ತಿಗಣೆಗೆ ಸಾಬೂನು ನೀರಿನಲ್ಲಿ ಬೇವಿನ ಎಣ್ಣೆ ಬೆರೆಸಿ ಸಿಂಪಡಿಸಿದರೆ ಸಾಕು. ಕಾಂಡ ಮೆತ್ತಗಾಗಿ ಕಪ್ಪಾದರೆ ಬಿಳಿಯ ತಿರುಳು ಕಾಣುವವರೆಗೆ ಕತ್ತರಿಸಿ ತೆಗೆದು ಉಳಿದುದನ್ನು ಕಾಪಾಡಿಕೊಳ್ಳಬೇಕು.

ಚಳಿಗಾಲದಲ್ಲಿ ಬೋಳಾದ ಮರವನ್ನು ಕಂಡು ಸತ್ತಿತೆಂದು ಕಡಿದುಹಾಕಿದವರುಂಟು. ಅದು ಸಾವಲ್ಲ, ನಿದ್ರೆ. ಆಗ ನೀರನ್ನು ಕಡಿಮೆ ಮಾಡಿ ತಾಳ್ಮೆಯಿಂದಿರುವುದೇ ಆರೈಕೆ. ಮಾರ್ಚಿ ಏಪ್ರಿಲಿನಲ್ಲಿ ಬೆತ್ತಲೆ ಕೊಂಬೆಯ ತುದಿಯಲ್ಲಿ ಮೊಗ್ಗು ಮೂಡಿ, ಬಿಳಿಯ ದಳ, ನಡುವೆ ಅರಿಶಿನದ ಬಣ್ಣ ತೋರಿದಾಗ ತಾಳಿದ್ದಕ್ಕೆ ಫಲ ದೊರೆಯುತ್ತದೆ. ಇದರ ಪರಿಮಳ ಇರುಳಿನಲ್ಲಿಯೇ ಹೆಚ್ಚು. ಅದಕ್ಕೆ ಮರುಳಾಗಿ ಬರುವ ಪತಂಗಗಳಿಗೆ ಮಕರಂದದ ಒಂದು ಹನಿಯೂ ದೊರೆಯುವುದಿಲ್ಲವೆನ್ನುವುದು ಬೇರೆ ಮಾತು. ಹೂವಿನಿಂದ ಹೂವಿಗೆ ಅಲೆದು, ಮೋಸಹೋದ ಅತಿಥಿಗಳೇ ಪರಾಗವನ್ನು ಹೊತ್ತು ತಿರುಗುತ್ತವೆ.

ಪೀಣ್ಯದಲ್ಲಿ ಎರಡನೆಯ ಪಾಳಿ ಮುಗಿಸಿ ಬರುವವನು ಮನೆ ಮುಟ್ಟುವುದೂ ಆ ಹೊತ್ತಿಗೇ. ಹಗಲೆಲ್ಲ ಯಂತ್ರದೆಣ್ಣೆಯ ವಾಸನೆಯಲ್ಲಿ ಕಳೆದವನನ್ನು ಗೇಟಿನ ಬಳಿ ಈ ಪರಿಮಳ ಎದುರುಗೊಂಡರೆ, ಕಾರಿನ ಜಾಗದಲ್ಲಿ ಎರಡಡಿ ಕಡಿಮೆಯಾದುದು ದೊಡ್ಡ ನಷ್ಟವೆಂದು ಅವನಿಗೆ ತೋರದು. ಮರದ ಬುಡಕ್ಕೆ ಬಿಟ್ಟ ಮಣ್ಣಿನಲ್ಲಿ ಮಳೆಯ ನೀರೂ ಇಂಗುತ್ತದೆ. ಕೊಳವೆಬಾವಿಯನ್ನೇ ನಂಬಿದ ಬಡಾವಣೆಗೆ ಅದೇನೂ ಅಲ್ಪ ಲಾಭವಲ್ಲ.

ಮರ ದೊಡ್ಡದಾದ ಮೇಲೆ ಪ್ರತಿವರ್ಷವೂ ಸವರಿದ ಕಡ್ಡಿಗಳು ಸಿಗುತ್ತವೆ. ಅವನ್ನು ಕಸಕ್ಕೆ ಹಾಕದೆ ನೆರೆಮನೆಗೆ ಕೊಟ್ಟರೆ, ಹಣದ ಖರ್ಚಿಲ್ಲದೆ ಒಂದು ಬೀದಿಯೇ ಹೂಬಿಟ್ಟೀತು. ಮಲ್ಲಿಗೆ ಮಾರ್ಗದ ರೈಲು ಬಂದು ನಿಲ್ಲುವ ದಿನಕ್ಕೆ, ಇಂದು ನೆಟ್ಟ ಕಡ್ಡಿ ಗೇಟನ್ನು ಮೀರಿ ಬೆಳೆದಿರಬಹುದು. ಆಗ ನಿಲ್ದಾಣದಲ್ಲಿ ಇಳಿದವರಿಗೆ ಊರಿನಲ್ಲಿ ಹೂವೆಷ್ಟಿದೆಯೆಂದು ಕೇಳುವ ಅಗತ್ಯ ಬೀಳದು.