ವ್ಯಾಜ್ಯ ಉಳಿಸಿದ ದೊಡ್ಡಮನೆ

ವೇಲ್ಸ್ ದೇಶದ ಉತ್ತರ ಕರಾವಳಿಯಲ್ಲಿ ಕಾನ್ವಿ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿನ ಒಂದು ಹಳೆಯ ಮನೆಯ ಹೆಸರು ಪ್ಲಾಸ್ ಮೌರ್. ವೆಲ್ಷ್ ಭಾಷೆಯಲ್ಲಿ ಹಾಗೆಂದರೆ ದೊಡ್ಡಮನೆ. ಕನ್ನಡನಾಡಿನ ಹಳ್ಳಿಗಳಲ್ಲಿಯೂ ಸಿರಿವಂತರ ಮನೆಗೆ ಜನ ಇಡುವ ಹೆಸರು ಇದೇ ಅಲ್ಲವೆ?

ಕಾನ್ವಿಯನ್ನು ಕಟ್ಟಿಸಿದವನು ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್. ವೇಲ್ಸನ್ನು ಗೆದ್ದ ಅವನು 1283ರಲ್ಲಿ ಅಲ್ಲಿ ಕೋಟೆ ಕಟ್ಟಿಸಲು ತೊಡಗಿ, ಊರ ಸುತ್ತ ಕಲ್ಲಿನ ಗೋಡೆ ಎತ್ತಿಸಿ, ಒಳಗೆ ಇಂಗ್ಲಿಷರನ್ನು ತಂದು ನೆಲೆಗೊಳಿಸಿದ. ಸೋತ ವೆಲ್ಷ್ ಜನರಿಗೆ ಗೋಡೆಯ ಹೊರಗೇ ಜಾಗ. ಸುಮಾರು ಮುನ್ನೂರು ವರ್ಷಗಳ ನಂತರ, 1570ರಲ್ಲಿ, ಅದೇ ಗೋಡೆಯೊಳಗೆ ಒಂದು ಮನೆಯನ್ನು ಕೊಂಡವನು ರಾಬರ್ಟ್ ವಿನ್ ಎಂಬ ವೆಲ್ಷ್ ವರ್ತಕ. ದೊಡ್ಡ ಮನೆತನದ ಕಿರಿಯ ಮಗ, ಪಿತ್ರಾರ್ಜಿತವನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಇಂಗ್ಲಿಷ್ ಸರದಾರರ ಸೇವೆಯಲ್ಲಿ ಯೂರೋಪ್ ಸುತ್ತಿ ಬಂದಿದ್ದ.

ಅವನ ಮನೆ ಒಂದೇ ಏಟಿಗೆ ಎದ್ದದ್ದಲ್ಲ. 1576-77ರಲ್ಲಿ ಉತ್ತರದ ತೊಟ್ಟಿ. 1580ರಲ್ಲಿ ತಾನು ಕೊಂಡಿದ್ದ ಹಳೆಯ ಮನೆಯನ್ನು ಕೆಡವಿ ನಡುವಣ ಭಾಗ ಮತ್ತು ದಕ್ಷಿಣದ ತೊಟ್ಟಿ. ಆಮೇಲೆ ಬೀದಿಯ ಕಡೆಯ ನಿವೇಶನ ಕೈಸೇರಿದಾಗ, 1585ರಲ್ಲಿ, ಹೆಬ್ಬಾಗಿಲ ಕಟ್ಟಡ. ಮನೆ ಮೊದಲು, ಬಾಗಿಲು ಕೊನೆಗೆ! ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಡೆಯ ನೆತ್ತಿ, ಕಿಟಕಿಗಳ ಮೇಲೆ ತ್ರಿಕೋನದ ಮುಕುಟ; ಇವೆಲ್ಲ ಆ ಕಾಲಕ್ಕೆ ಹೊಸ ಫ್ಯಾಷನ್ನು. ಒಳಗೆ ಗಾರೆಯ ಉಬ್ಬುಚಿತ್ರಗಳಲ್ಲಿ ರಾಜಲಾಂಛನಗಳ ಜೊತೆಗೆ ತನ್ನ ಹೆಸರಿನ ಆರ್, ಡಬ್ಲ್ಯು ಎಂಬ ಎರಡಕ್ಷರಗಳನ್ನೂ ಇಸವಿಯನ್ನೂ ಹಾಕಿಸಿದ್ದಾನೆ. ಆತ ಸಂಕೋಚದ ಮನುಷ್ಯನಂತೂ ಆಗಿರಲಿಲ್ಲ.

ಮೊದಲ ಹೆಂಡತಿ ತೀರಿಕೊಂಡ ಮೇಲೆ, ಎಪ್ಪತ್ತರ ಹೊಸ್ತಿಲಲ್ಲಿ ಆತ ಮರುಮದುವೆಯಾದ. ಏಳು ಮಕ್ಕಳಾದವು. 1598ರಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ಬಲು ತೊಡಕಿನ ಉಯಿಲು. ಮುಂದಿನದನ್ನು ಹೇಳಬೇಕಾಗಿಲ್ಲ, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಆಸ್ತಿ ಕೋರ್ಟಿನಲ್ಲಿದ್ದರೆ ಮನೆಗೆ ಬೀಗ, ಸೂರಿಗೆ ಗೆದ್ದಲು ಎಂಬುದು ಎಷ್ಟೋ ಕುಟುಂಬಗಳ ಅನುಭವ. ಇಲ್ಲಿ ಮಾತ್ರ ವ್ಯಾಜ್ಯವೇ ಕಾವಲಾಯಿತು. ಯಾರದೆಂದು ತೀರ್ಮಾನವಾಗದ ಮನೆಯನ್ನು ಕೆಡವಿ ಹೊಸದಾಗಿ ಕಟ್ಟುವವರು ಯಾರು?

ಬಳಿಕ ಅದು ಸಂಬಂಧದ ಮೂಲಕ ಮೋಸ್ಟಿನ್ ಮನೆತನಕ್ಕೆ ಸೇರಿತು. ಅವರಿಗೆ ವಾಸಕ್ಕೆ ಬೇರೆ ಬಂಗಲೆಗಳಿದ್ದವು. ಹೀಗಾಗಿ ದೊಡ್ಡಮನೆ ತುಂಡು ತುಂಡಾಗಿ ಬಾಡಿಗೆಗೆ ಹೋಯಿತು. ಕೂಲಿಕಾರರ ಬಿಡಾರವಾಯಿತು, ಒಂದು ಭಾಗದಲ್ಲಿ ಪುಟ್ಟ ಮಕ್ಕಳ ಶಾಲೆಯೂ ನಡೆಯಿತು. ಬಾಡಿಗೆ ಮನೆಗೆ ಯಾವ ಒಡೆಯನೂ ಹಣ ಸುರಿಯುವುದಿಲ್ಲ. ಆ ಜಿಪುಣತನವೂ ಒಳ್ಳೆಯದೇ ಆಯಿತು: ಹಳೆಯ ಗಾರೆಯನ್ನು ಕಿತ್ತು ಹೊಸದು ಹಾಕುವ ಉಸಾಬರಿಗೆ ಯಾರೂ ಹೋಗಲಿಲ್ಲ. 1887ರಲ್ಲಿ ರಾಯಲ್ ಕೇಂಬ್ರಿಯನ್ ಕಲಾ ಅಕಾಡೆಮಿ ಅದನ್ನು ಗುತ್ತಿಗೆಗೆ ಹಿಡಿದು ನೂರು ವರ್ಷಕ್ಕೂ ಮಿಕ್ಕಿ ಚಿತ್ರಪ್ರದರ್ಶನ ನಡೆಸಿತು.

1993ರಲ್ಲಿ ಮನೆ ವೇಲ್ಸಿನ ಪುರಾತತ್ವ ಇಲಾಖೆಯ ಕೈಗೆ ಬಂತು. ಇಲಾಖೆಯ ಹೆಸರು ಕಾದು. ವೆಲ್ಷ್‌ನಲ್ಲಿ ಅದಕ್ಕೆ ಇಟ್ಟುಕೊಳ್ಳು, ಕಾಪಾಡು ಎಂಬ ಅರ್ಥ. ಕನ್ನಡದ 'ಕಾಯು'ವಿನಿಂದ ಬಂದ 'ಕಾದು'ವಿಗೂ ಇದಕ್ಕೂ ನಂಟೇನೂ ಇಲ್ಲ, ಕಾಕತಾಳೀಯ. ಆದರೂ ಕಿವಿಗೆ ಇಂಪು.

ಈಗ ಎದ್ದದ್ದು ನಿಜವಾದ ಪ್ರಶ್ನೆ. ಇಷ್ಟು ಕಾಲ ಕಂಡ ಮನೆಯನ್ನು ಯಾವ ಕಾಲದ ಮನೆಯಾಗಿ ತೋರಿಸುವುದು? ಕಟ್ಟಿದವನದೋ, ಶಾಲೆಯದೋ, ಚಿತ್ರಕಾರರದೋ? ಒಂದು ಪದರ ಕಾಣಬೇಕಾದರೆ ಇನ್ನೊಂದನ್ನು ಮರೆಮಾಡಲೇಬೇಕು. ಮನೆಯ ಸಾಮಾನುಗಳ 1665ರ ಪಟ್ಟಿಯೊಂದು ಉಳಿದಿತ್ತು. ಕೋಣೆಗಳನ್ನು ಅಣಿಗೊಳಿಸಲು ಅದನ್ನೇ ಆಧಾರವಾಗಿಟ್ಟುಕೊಂಡರು. ಊಹೆಗಿಂತ ದಾಖಲೆ ಮೇಲು. ಇದು ವಿಜ್ಞಾನಕ್ಕೆ ಒಪ್ಪುವ ದಾರಿ. ಆದರೆ ಅಲ್ಲಿ ಅಕ್ಷರ ಕಲಿತ ಮಕ್ಕಳ ಸದ್ದು ಆ ಪಟ್ಟಿಯಲ್ಲಿಲ್ಲ ಎಂಬುದನ್ನೂ ಮರೆಯಬಾರದು.

ಹೊರಗೋಡೆಗೆ ಬಳಿದದ್ದು ಅಪ್ಪಟ ಸುಣ್ಣ. ಇದೇನೂ ಹಳೆಯದರ ಮೋಹವಲ್ಲ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಬುಸುಗುಟ್ಟಿ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮರಳಿ ಹೀರಿ ಮೆಲ್ಲಗೆ ಕಲ್ಲಾಗುತ್ತದೆ. ಇಂಥ ಲೇಪಕ್ಕೆ ಸೂಕ್ಷ್ಮ ರಂಧ್ರಗಳಿರುವುದರಿಂದ ಗೋಡೆಯೊಳಗಿನ ತೇವ ಆವಿಯಾಗಿ ಹೊರಬೀಳುತ್ತದೆ. ಹಳೆಯ ಕಲ್ಲುಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆಯನ್ನೂ ಅದರಲ್ಲಿ ಹೂತ ತೊಲೆಯ ತುದಿಯನ್ನೂ ತಿನ್ನುತ್ತದೆ. ಅಜ್ಜನ ಮನೆಗೆ ಸಿಮೆಂಟ್ ಗಿಲಾಯಿ ಮಾಡಿಸಲು ಹೊರಟವರು ಇದನ್ನು ಒಮ್ಮೆ ಯೋಚಿಸಬಹುದು.

ಒಟ್ಟು 33 ಲಕ್ಷ ಪೌಂಡ್ ಖರ್ಚಾಯಿತು. 1997ರಲ್ಲಿ ಮನೆಯನ್ನು ಸಾರ್ವಜನಿಕರಿಗೆ ತೆರೆದರು. ಉಬ್ಬುಚಿತ್ರಗಳ ಸಂದಿಗಳಲ್ಲಿ ಉಳಿದಿದ್ದ ಬಣ್ಣದ ಕುರುಹು ಹಿಡಿದು ಕೆಲವನ್ನು ಮತ್ತೆ ಕೆಂಪು, ಹಳದಿಗಳಿಂದ ತುಂಬಿದ್ದಾರೆ. ಮೊದಲ ನೋಟಕ್ಕೆ ಅವು ಹಬ್ಬದ ಬೊಂಬೆಗಳಂತೆ ಕಣ್ಣು ಕುಕ್ಕುತ್ತವೆ. ಉಳಿದ ಕೋಣೆಗಳ ಗಾರೆಯನ್ನು ಮುಟ್ಟದೆ ಬಿಳಿಯಾಗಿಯೇ ಬಿಟ್ಟಿದ್ದಾರೆ.