ಉಪ್ಪು, ಹೊಗೆಸೊಪ್ಪು, ಬೆಳ್ಳಾರೆಯ ಖಜಾನೆ

ಸುಳ್ಯದ ಗುತ್ತಿಗಾರಿನಲ್ಲಿ ಆಟಿ ತಿಂಗಳ ಮಳೆ ಸುರಿಯುವಾಗ ಒಲೆಯ ಸುತ್ತ ಕುಳಿತ ನಮಗೆ ಅಜ್ಜ ಹೇಳುತ್ತಿದ್ದ ಕಥೆ ಇದು. ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ, ಕೇಳಿ.

ಆಗ ನಮ್ಮ ಸೀಮೆ ಕೊಡಗಿನ ಅರಸರದ್ದು. ಕಂದಾಯವನ್ನು ಬೆಳೆದ ಬೆಳೆಯಲ್ಲೇ ಅಳೆದು ಕೊಡಬಹುದಿತ್ತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರಕಾರ ಕೊಡಗಿನ ಅರಸ ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸಿತು. ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಂದ ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕಾಯಿತು. ಕೈಯಲ್ಲಿ ಅಕ್ಕಿಯಿದ್ದರೂ ಹಣವಿಲ್ಲದ ರೈತ ಬಂದ ಬೆಲೆಗೆ ಮಾರಬೇಕು, ಇಲ್ಲವೇ ಸಾಲಕ್ಕೆ ಕೈಯೊಡ್ಡಬೇಕು.

ಅದರ ಮೇಲೆ ಉಪ್ಪು, ಹೊಗೆಸೊಪ್ಪು ಎರಡೂ ಕಂಪನಿಯ ಮುಷ್ಟಿಯಲ್ಲಿದ್ದವು. ಕರಾವಳಿಯ ಉಪ್ಪನ್ನು ಕಂಪನಿಯೇ ಕೊಂಡು, ತಾನಿಟ್ಟ ಬೆಲೆಗೆ ಮಾರುತ್ತಿತ್ತು. ಹೊಗೆಸೊಪ್ಪನ್ನು ಕೊಯಮತ್ತೂರು ಕಡೆಯಿಂದ ತಾನೇ ತರಿಸುತ್ತಿತ್ತು. ಸರಕು ಬಂದರದಿಂದ ಬಂದರಕ್ಕೆ ಹೋದರೂ ಸುಂಕ, ಒಳನಾಡಿನ ದಾರಿ ಹಿಡಿದರೂ ಸುಂಕ. ಘಟ್ಟದ ಬುಡದಲ್ಲಿರುವ ನಮಗೆ ಉಪ್ಪು ಸಮುದ್ರದ ಕಡೆಯಿಂದಲೇ ಬರಬೇಕಲ್ಲ! ಗಂಜಿಗೆ ಹಾಕುವ ಉಪ್ಪಿನ ಹರಳಿನಲ್ಲೂ ಕಂಪನಿಗೆ ಪಾಲಿತ್ತು.

ಈ ಹೊರೆಯ ವಿರುದ್ಧ ಏಳಲು, ಮದುವೆಯ ನೆಪದಲ್ಲಿ ರೈತ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಮನೆಯಲ್ಲಿ ಜನ ಸೇರಿದರಂತೆ. ಪುಟ್ಟಬಸಪ್ಪ ಎಂಬವನು ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತ. 1837ರ ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆ ರೈತರ ಕೈಸೇರಿತು. ಕಂದಾಯ ಮನ್ನಾ, ಉಪ್ಪು-ಹೊಗೆಸೊಪ್ಪಿನ ಸುಂಕ ರದ್ದು ಎಂದು ಸಾರಿದರು. ದಾರಿಯುದ್ದಕ್ಕೂ ಜನ ಕೂಡಿಕೊಂಡರು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಯಿತು, ರೈತರ ಬಾವುಟ ಏರಿತು.

ಹದಿಮೂರು ದಿನ ಆಳಿದರು. ಅಷ್ಟರಲ್ಲಿ ಕಣ್ಣೂರಿನಿಂದ ಕಂಪನಿಯ ಪಡೆ ಬಂತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಅಜ್ಜ ಇಲ್ಲಿಗೆ ಬಂದಾಗ ಪ್ರತಿ ಸಲವೂ ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಿದ್ದರು.

ಕೆನರಾ ಸೇರಿದ್ದ ಮದ್ರಾಸ್ ಪ್ರಾಂತ್ಯದ ಒಳನಾಡಿನ ಸುಂಕ 1844ರಲ್ಲಿ ರದ್ದಾಯಿತು. ಬಂದರಗಳ ನಡುವಿನ ಸುಂಕ 1848ರಲ್ಲಿ ಹೋಯಿತು. ಉಪ್ಪಿನ ತೆರಿಗೆ ಮಾತ್ರ ಬ್ರಿಟಿಷರ ಆಳ್ವಿಕೆಯ ಕೊನೆಯ ವರ್ಷದವರೆಗೂ ಉಳಿಯಿತು.

ಕಂಪನಿಯವರ ಕಣ್ಣಿಗೆ ರೈತರ ಈ ಹೋರಾಟ ದಂಗೆ. ನಮ್ಮಲ್ಲೂ ಬಹುಕಾಲ ಕಲ್ಯಾಣಸ್ವಾಮಿಯ ಹೆಸರು ಹಿಡಿದು 'ಕಲ್ಯಾಣಪ್ಪನ ಕಾಟಕಾಯಿ' (ಲೂಟಿ) ಎಂದೇ ಕರೆದರು. ಆದರೆ 1857ರ ಸಂಗ್ರಾಮಕ್ಕಿಂತ ಇಪ್ಪತ್ತು ವರ್ಷ ಮೊದಲೇ ಅನ್ಯಾಯದ ತೆರಿಗೆಗೆ ಎದುರು ನಿಂತ ರೈತರ ಸ್ವಾತಂತ್ರ್ಯ ಹೋರಾಟ ಇದು. ಬೆಳ್ಳಾರೆಗೆ ಹೋದಾಗ ಮಕ್ಕಳನ್ನು ಆ ಖಜಾನೆಯಿದ್ದ ಬಂಗ್ಲೆಗುಡ್ಡೆಗೆ ಕರೆದುಕೊಂಡು ಹೋಗಿ. ವೀರರ ಹೆಸರಿನ ಜೊತೆಗೆ ಅವರು ಯಾಕೆ ಎದ್ದರೆಂಬುದನ್ನೂ ಹೇಳಿಕೊಡಿ.