ಮಡಿವಾಳ ಹಕ್ಕಿ, ನಾರು ಹುಳ

ಪ್ರಾಣಿಲೋಕವನ್ನು ಏಣಿಯ ಹಾಗೆ ಬರೆದ ಚಿತ್ರಪಟಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಹುಳ, ಮೇಲೆಲ್ಲೋ ಹಕ್ಕಿ. ಹುಳ ಕೀಳೆಂದು ಯಾರು ಹೇಳಿದರು? ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಲಿನೇಯಸ್ 1758ರ ತನ್ನ ಒಂದೇ ಗ್ರಂಥದಲ್ಲಿ ಮಡಿವಾಳ ಹಕ್ಕಿಗೂ ಹೆಸರಿಟ್ಟ, ನಾರು ಹುಳಕ್ಕೂ ಇಟ್ಟ.

ಮಡಿವಾಳನನ್ನು ಶಕ್ತಿನಗರದವರಿಗೆ ಪರಿಚಯಿಸಬೇಕಿಲ್ಲ. ಬೇಸಿಗೆ ಕಾಲಿಟ್ಟರೆ ಸಾಕು, ಬೆಳಕು ಹರಿಯುವ ಮೊದಲೇ ಗಂಡು ಹಕ್ಕಿ ತಂತಿಯ ಮೇಲೆ ಕೂತು, ಬಾಲ ನಿಗುರಿಸಿ ಹಾಡಲು ಶುರು. ಬೆನ್ನ ಹಿಂದೆ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು, ಅತ್ತ ಕೃಷ್ಣೆ. ಹಾಡಿನಲ್ಲಿ ಹೆಣ್ಣಿಗೆ ಕರೆಯೂ ಇದೆ, ಪಕ್ಕದ ಗಂಡಿಗೆ ಗದರಿಕೆಯೂ ಇದೆ. ನಮಗೆ ಇಂಪಾಗಿ ಕೇಳುವುದು ನಮ್ಮ ಪುಣ್ಯ.

ನಾರು ಹುಳವನ್ನು ಇಲ್ಲಿನ ಹುಡುಗರು ನೋಡಿಲ್ಲ. ದೇವದುರ್ಗದ ಕಡೆಯ ನಮ್ಮಜ್ಜಿಯ ಕಣಕಾಲಿನ ಮೇಲೆ ಅದರ ಗುರುತಿತ್ತು, ಸುಕ್ಕುಗಟ್ಟಿದ ಬಿಳಿ ಕಲೆ. ಮೆಟ್ಟಿಲ ಬಾವಿಯ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಸೈಕ್ಲಾಪ್ಸ್ ಎಂಬ ಜೀವಿ, ಅದರೊಳಗೆ ಹುಳದ ಮರಿ. ನೀರು ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಕರುಳು ದಾಟುತ್ತದೆ. ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ಸುಮಾರು ಒಂದು ವರ್ಷ ಮೈಯೊಳಗೆ ಸದ್ದಿಲ್ಲದೆ ಬೆಳೆದು, ಹತ್ತಿರ ಹತ್ತಿರ ಮೀಟರ್ ಉದ್ದವಾಗಿ ಕಾಲಿಗಿಳಿಯುತ್ತದೆ. ಅಲ್ಲಿ ಬೊಕ್ಕೆ, ಬೆಂಕಿಯಂಥ ಉರಿ. ಉರಿ ತಾಳದೆ ಮನುಷ್ಯ ಬಾವಿಗಿಳಿದು ಕಾಲು ಅದ್ದುತ್ತಾನೆ. ಹುಳ ಕಾದಿದ್ದೇ ಅದಕ್ಕೆ! ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಉಗುಳಿಬಿಡುತ್ತದೆ. ಇಷ್ಟು ಲೆಕ್ಕಾಚಾರದ ಬದುಕನ್ನು ಕೀಳೆನ್ನಲು ನನಗೆ ಬಾಯಿ ಬರುವುದಿಲ್ಲ.

ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತಿದ್ದರು. ಅವಸರ ಮಾಡಿದರೆ ತುಂಡಾಗಿ, ಉಳಿದದ್ದು ಒಳಗೇ ಕೀವಾಗುತ್ತಿತ್ತು. ವಾರಗಟ್ಟಲೆ ಹಾಸಿಗೆ, ಹೊಲ ಬೀಳು. ಇದಕ್ಕೆ ಲಸಿಕೆಯಿಲ್ಲ, ಹುಳವನ್ನು ಕೊಲ್ಲುವ ಮದ್ದೂ ಇಲ್ಲ. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ನಂಬಿದ್ದು ನೀರು ಸೋಸುವ ಅರಿವೆಯನ್ನು, ಬೋರಿಂಗನ್ನು, ಸೈಕ್ಲಾಪ್ಸ್ ಕೊಲ್ಲಲು ನೀರಿಗೆ ಹಾಕುವ ಟೆಮೆಫಾಸನ್ನು, ಮೆಟ್ಟಿಲ ಬಾವಿಯನ್ನು ಸೇದುವ ಬಾವಿ ಮಾಡುವ ಗಾರೆ ಕೆಲಸವನ್ನು. ಮನೆಮನೆ ತಿರುಗಿ ಕಾಲು ನೋಡಿದವರು ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಸೋಸಿ ಕೊಡ ತುಂಬಿದವರು ನಮ್ಮಜ್ಜಿಯಂಥ ಹೆಂಗಸರು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಸಿಕ್ಕಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತವಾಯಿತೆಂದು ಸಾರಿತು. ಎಂಬತ್ತರ ದಶಕದ ನಡುವೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಕಾಡಿದ ಈ ಹುಳ 2023ರಲ್ಲಿ ಕಾಣಿಸಿದ್ದು 14 ಜನರಲ್ಲಿ. ಈಗದು ಹೆಚ್ಚಾಗಿ ಚಾಡ್‌ನಂಥ ಆಫ್ರಿಕಾದ ಕೆಲವು ದೇಶಗಳ ನಾಯಿಗಳಲ್ಲಿ ತಲೆಮರೆಸಿಕೊಂಡಿದೆ.

ಅಲ್ಲಿಯೂ ಅದು ನಿರ್ವಂಶವಾಗಲಿ. ಕೀಳು ಜೀವಿಯೆಂದಲ್ಲ, ಅದು ನಮ್ಮ ಕಾಲನ್ನೇ ಕೇಳುತ್ತದೆ, ಅದಕ್ಕೆ. ಮಡಿವಾಳ ಕೇಳುವುದು ಗೋಡೆಯಲ್ಲೊಂದು ತೂತು, ತಿನ್ನಲು ನಾಲ್ಕು ಹುಳ. ಶಕ್ತಿನಗರ ಕಾಲೊನಿಯ ಹಳೆ ಕ್ವಾರ್ಟರ್ಸ್ ಗೋಡೆಗಳಿಗೆ ಸಿಮೆಂಟು ಮೆತ್ತುವವರು ದಯವಿಟ್ಟು ಏಪ್ರಿಲ್‌ನಲ್ಲಿ ಬರಬೇಡಿ. ತೂತಿನೊಳಗೆ ಮೊಟ್ಟೆಗಳಿರುತ್ತವೆ.